ಕ್ಲೋನಿಂಗ್ ಸಿನಿಮಾ ನೋಡಲಿರುವ ಮಗಳಿಗೆ

ಪ್ರೀತಿಯ ಮಗಳೇ,

ಆ ಕ್ಲೋನಿಂಗ್ ಥ್ರಿಲ್ಲರನ್ನು ಧಾರಾಳವಾಗಿ ನೋಡು. ರಕ್ತ ಜಾಸ್ತಿಯೇ ಇದೆ, ಬೈಗುಳವೂ ಇದೆ, ಆಪರೇಷನ್ ಟೇಬಲ್ಲಿನ ದೃಶ್ಯವಂತೂ ನಿನ್ನ ವಯಸ್ಸಿಗೆ ತುಸು ಭಾರ. ಹಾಗಾಗಿ ಹಗಲು ಹೊತ್ತು ನೋಡು, ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡ. ಬೇಡವೆನಿಸಿದ ಕಡೆ ಮುಂದಕ್ಕೆ ಓಡಿಸು, ಕತೆಯ ಎಳೆ ತಪ್ಪುವುದಿಲ್ಲ. ಅಟ್ಟಿಸಿಕೊಂಡು ಹೋಗುವ ದೃಶ್ಯಗಳು ಮಾತ್ರ ಸೊಗಸಾಗಿವೆ, ಒಂದನ್ನೂ ಬಿಡಬೇಡ.

ತೊಟ್ಟಿಯೊಳಗಿಂದ ಮೂವತ್ತರ ಗಂಡಸು ಎದ್ದುಬರುವುದನ್ನು ನಂಬಬೇಡ. ಕ್ಲೋನ್, ಅಂದರೆ ಒಂದು ಜೀವಿಯ ಕೋಶದಿಂದ ಮಾಡಿದ, ಅದರದೇ ಜೀನ್‌ಗಳಿರುವ ಜೀವಿ ಕೂಡ ಗರ್ಭದಲ್ಲೇ ಬೆಳೆದು ಮಗುವಾಗಿಯೇ ಹುಟ್ಟಬೇಕು. ಮೂಲ ವ್ಯಕ್ತಿಯ ನೆನಪು ಅದಕ್ಕೆ ಬರುವುದಿಲ್ಲ.

ಹೀಗೆ ಕ್ಲೋನ್ ಮಾಡಿದ ಡಾಲಿ ಎಂಬ ಕುರಿ ಹುಟ್ಟಿದ್ದು 1996ರ ಜುಲೈ 5ರಂದು, ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ. ಆರು ವರ್ಷದ ಕುರಿಯ ಕೆಚ್ಚಲಿನ ಜೀವಕೋಶಗಳಿಗೆ ಐದು ದಿನ ಪೋಷಣೆ ಕಡಿಮೆ ಮಾಡಿದರು, ವಿಭಜನೆ ನಿಂತು ಸುಮ್ಮನಾಗಲೆಂದು. ಬೇರೊಂದು ಕುರಿಯ ಅಂಡಾಣುವಿನಿಂದ ಕೂದಲಿನಷ್ಟು ಸಣ್ಣ ಗಾಜಿನ ನಳಿಕೆಯಲ್ಲಿ, ಜೀನ್‌ಗಳನ್ನು ಹೊತ್ತ ವರ್ಣತಂತುಗಳನ್ನು ಹೀರಿ ತೆಗೆದರು. ಆ ಅಂಡಾಣುವಿಗೆ ಕೆಚ್ಚಲಿನ ಕೋಶವನ್ನು ತಾಗಿಸಿಟ್ಟು ವಿದ್ಯುತ್ ಹಾಯಿಸಿದಾಗ ಎರಡೂ ಬೆಸೆದವು, ಬೆಳವಣಿಗೆಯೂ ಶುರುವಾಯಿತು. ಹೀಗೆ ಬೆಸೆದವು 277. ಅವುಗಳಲ್ಲಿ 29 ಭ್ರೂಣಗಳನ್ನಷ್ಟೇ 13 ಕುರಿಗಳ ಗರ್ಭಕ್ಕೆ ಸೇರಿಸಿದರು. ಹುಟ್ಟಿದ್ದು ಡಾಲಿ ಒಂದೇ.

ಉಳಿದವು ಯಾಕೆ ಹೋದವು? ಕೆಚ್ಚಲಿನ ಕೋಶದಲ್ಲಿ ಕೆಚ್ಚಲಿಗೆ ಬೇಡದ ಜೀನ್‌ಗಳಿಗೆಲ್ಲ ಬೀಗ ಬಿದ್ದಿರುತ್ತದೆ. ಅಂಡಾಣು ಅವನ್ನು ಬೇಗ ಬೇಗ ತೆರೆಯಬೇಕು. ಮುಖ್ಯವಾದ ಕೆಲವು ತೆರೆಯದೇ ಉಳಿದರೆ ಭ್ರೂಣ ಅಲ್ಲೇ ನಿಲ್ಲುತ್ತದೆ, ಇಲ್ಲವೇ ಮಾಸು ಸರಿಯಾಗಿ ಬೆಳೆಯದೆ ಗರ್ಭ ಇಳಿಯುತ್ತದೆ. ಕ್ಲೋನ್ ಮಾಡಿದ ಕರುಗಳು ಅತಿಯಾಗಿ ದಪ್ಪವಾಗಿ ಹೆರಿಗೆಯಲ್ಲೇ ಸಾಯುವುದೂ ಉಂಟು.

ಇಂಥ ಸಿನಿಮಾಗಳ ಮೇಲೆ ನನಗಿರುವ ದೊಡ್ಡ ತಕರಾರು ರಕ್ತದ್ದಲ್ಲ. ಇವುಗಳಲ್ಲಿ ಹೆಂಗಸರ ಪಾಲೇ ಕಾಣೆ. ಮನುಷ್ಯರ ಕ್ಲೋನಿಂಗ್‌ಗೆ ರಾಶಿ ಅಂಡಾಣು ಬೇಕು. ಕೊಡುವವಳಿಗೆ ದಿನಗಟ್ಟಲೆ ಹಾರ್ಮೋನ್ ಇಂಜೆಕ್ಷನ್, ಆಮೇಲೆ ಸೂಜಿ ಚುಚ್ಚಿ ತೆಗೆಯುವುದು. ಹೊರುವವಳಿಗೆ ಸಾಲು ಸಾಲು ಗರ್ಭಪಾತ. ತೊಟ್ಟಿ ತೋರಿಸಿ ಇದಿಷ್ಟನ್ನೂ ಅಳಿಸಿಹಾಕುತ್ತಾರೆ. ನೋಡುವಾಗ ಇದನ್ನು ಗಮನಿಸು.

ಮೂಲದವನೂ ಕ್ಲೋನೂ ಎದುರುಬದುರು ನಿಲ್ಲುವ ದೃಶ್ಯ ಬಂದಾಗ ಸಿಸಿ ಎಂಬ ಬೆಕ್ಕನ್ನು ನೆನೆ. ಅದು 2001ರಲ್ಲಿ ಹುಟ್ಟಿದ ಮೊದಲ ಕ್ಲೋನ್ ಬೆಕ್ಕು. ಮೂಲ ಬೆಕ್ಕಿಗೆ ಮೂರು ಬಣ್ಣ, ಇದರ ಮೈಮೇಲೆ ಕಿತ್ತಳೆ ಬಣ್ಣವೇ ಇರಲಿಲ್ಲ. ಹೆಣ್ಣು ಬೆಕ್ಕಿನ ಪ್ರತಿ ಕೋಶದಲ್ಲೂ ಎರಡು ಎಕ್ಸ್ ವರ್ಣತಂತುಗಳ ಪೈಕಿ ಒಂದು ಮೌನವಾಗಿರುತ್ತದೆ. ಆರಿಸಿಕೊಂಡ ಕೋಶದಲ್ಲಿ ಮೌನವಾಗಿದ್ದದ್ದು ಕಿತ್ತಳೆ ಬಣ್ಣದ ಜೀನ್ ಇದ್ದ ಎಕ್ಸ್, ಅದು ಮತ್ತೆ ಎಚ್ಚರಾಗಲಿಲ್ಲ.

ನಿನ್ನ
ಅಮ್ಮ