ಶಾಸಕರೇ, ನಮ್ಮ ನೀರಿನ ರಿಪೋರ್ಟ್ ಗೋಡೆಗೆ ಅಂಟಿಸಿ

ಮಾನ್ಯ ಶಾಸಕರೇ,

ನಮಸ್ಕಾರ. ಬೆಂಗಳೂರಿನ ಹೊರಮಾವು ಕಡೆಯ ಒಂದು 30/40 ಸೈಟಿನ ಮನೆಯಿಂದ ಬರೆಯುತ್ತಿದ್ದೇನೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆ ಆಯಿತು. ದಿನಕ್ಕೆ 77.5 ಕೋಟಿ ಲೀಟರ್, ಅದೂ ಅಷ್ಟು ದೂರದ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಮೇಲೆತ್ತಿ ತರುವ ನೀರು. ಸಂತೋಷ. ನಮ್ಮ ಬೀದಿಯ ಸಂಪುಗಳಿಗೆ ಮಾತ್ರ ಇನ್ನೂ ಟ್ಯಾಂಕರೇ ಗತಿ.

ಹಾಗಂತ 'ಕಾವೇರಿ ಯಾವಾಗ' ಎಂದು ಕೇಳಲು ಬರೆದ ಪತ್ರ ಇದಲ್ಲ. ಅದನ್ನು ಕೇಳಿ ಕೇಳಿ ನಿಮಗೂ ಸಾಕಾಗಿರಬೇಕು. ಈಗ ಬರುತ್ತಿರುವ ನೀರು ಎಂಥದ್ದು? ಇಷ್ಟೇ ನನ್ನ ಪ್ರಶ್ನೆ.

ಮೊನ್ನೆ ಟ್ಯಾಂಕರ್ ಹುಡುಗನನ್ನು ಕೇಳಿದೆ. "ಬೋರ್ ನೀರು ಸಾರ್" ಎಂದ. ಯಾವ ಬೋರು ಎಂದರೆ ಸುಮ್ನೆ ನಕ್ಕ. ನಮ್ಮ ಕಡೆ ಬೋರ್‌ವೆಲ್ ಪಕ್ಕದಲ್ಲೇ ರಾಜಕಾಲುವೆ. ಮಳೆನೀರಿಗೆಂದು ಇದ್ದ ಕಾಲುವೆಯಲ್ಲಿ ಈಗ ವರ್ಷವಿಡೀ ಕೊಳಚೆ. ಅದು ನೆಲಕ್ಕೆ ಇಂಗಿದಾಗ ನೈಟ್ರೇಟ್ ಎಂಬ ಲವಣ ಕೂಡ ಜೊತೆಗೇ ಇಳಿಯುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ. ಮಗುವಿಗೆಂದು ಎಲ್ಲರೂ ಕಾಯಿಸಿ ಆರಿಸಿಯೇ ಕೊಡುತ್ತೇವೆ, ಅಲ್ವಾ? ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅದು ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ, ಎಳೆಗೂಸಿನ ರಕ್ತಕ್ಕೆ ಆಕ್ಸಿಜನ್ ಹೊರುವ ಶಕ್ತಿಯೇ ಕುಂದಬಹುದು.

ಶುದ್ಧ ನೀರಿನ ಘಟಕ ಇದೆಯಲ್ಲ ಎನ್ನುತ್ತೀರೇನೋ. ಇದೆ. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತೇವೆ. ಆದರೆ ಒಳಗಿನ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಹಳೆಯದಾದರೆ ನೈಟ್ರೇಟ್ ದಾಟಿಕೊಂಡು ಬರುತ್ತದೆ. ಕೊನೆಯ ಸಲ ಅದನ್ನು ಬದಲಿಸಿದ್ದು ಯಾವಾಗ ಎಂದರೆ ಅಲ್ಲಿ ಯಾರಿಗೂ ಗೊತ್ತಿಲ್ಲ. ಗೋಡೆಯ ಮೇಲಿನ ನಿಮ್ಮ ಫೋಟೋ ಮಾತ್ರ ಹೊಸದು. ಬೇಜಾರು ಮಾಡಿಕೊಳ್ಳಬೇಡಿ, ಚೆನ್ನಾಗಿಯೇ ಬಂದಿದೆ.

ಆ ಫೋಟೋದ ಪಕ್ಕದಲ್ಲೇ ತಿಂಗಳಿಗೊಂದು ಹಾಳೆ ಅಂಟಿಸಿ. ಯಾವ ಬೋರಿನ ನೀರು, ಪರೀಕ್ಷೆ ಆದ ದಿನ, ನೈಟ್ರೇಟ್ ಎಷ್ಟು, ಫ್ಲೋರೈಡ್ ಎಷ್ಟು, ಕೊಳಚೆ ಬೆರೆತಿರಬಹುದೆಂದು ಸೂಚಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇದೆಯಾ. ಟ್ಯಾಂಕರಿನವರೂ ಇಂಥದ್ದೊಂದು ಚೀಟಿ ಇಟ್ಟುಕೊಳ್ಳಲಿ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ದರ ಗೊತ್ತು ಮಾಡಿದ್ದು ಸರ್ಕಾರವೇ. ದರ ನೋಡಿದವರು ನೀರನ್ನೂ ನೋಡಬಹುದಿತ್ತು.

ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಬೀದಿಗೆ ಟ್ಯಾಂಕರ್ ಬರುತ್ತದೆ. ಸ್ಯಾಂಪಲ್ ತೆಗೆಯುವವರನ್ನು ಕಳುಹಿಸಿ, ಬಾಟಲಿ ನಾನೇ ಹಿಡಿಯುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ