ಬೀದರ್ ‘ನೀರಿಲ್ಲದ ಊರು’ ಅಲ್ಲ

ಮಾನ್ಯರೇ,

ವರ್ಗಾವಣೆ ಸುದ್ದಿ ಬಂದಾಗ ಪತ್ರಿಕೆಗಳಲ್ಲಿ ‘ಬೀದರಿಗೆ ಎತ್ತಂಗಡಿ’ ಅನ್ನುವ ಮಾತು ಆಗಾಗ ಕಾಣುತ್ತದೆ. ಕಚೇರಿಗಳಲ್ಲಿ ಹೆದರಿಸುವ ಮಾತೂ ಇಂಥದ್ದೇ: ‘ನೀರಿಲ್ಲದ ಊರಿಗೆ ಹಾಕಿಸ್ತೀನಿ ನೋಡು’. ಇದನ್ನು ಓದಿದಾಗ, ಕೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ನಾನು ಹಾಗೆ ಬೀದರಿಗೆ ಎತ್ತಂಗಡಿಯಾಗಿ ಹೋದವಳು. ನಾಲ್ಕು ವರ್ಷ ಅಲ್ಲಿದ್ದವಳು.

1999ರ ಜೂನ್ ತಿಂಗಳು. ಸಾಗರದಲ್ಲಿ ಬ್ಯಾಂಕ್ ಕ್ಯಾಶಿಯರ್ ಆಗಿದ್ದೆ. ಆರ್ಡರ್ ಕೈಗೆ ಬಂದ ದಿನ ಅಮ್ಮ ಅತ್ತೇಬಿಟ್ಟರು. ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯ ಜೊತೆಗೆ ಎರಡು ದೊಡ್ಡ ಕೊಡವನ್ನೂ ಕಟ್ಟಿಕೊಟ್ಟರು. ‘ಅಲ್ಲಿ ನೀರು ಹಿಡಿದಿಟ್ಟುಕೊಳ್ಳೋಕೆ ಬೇಕಾಗುತ್ತೆ’ ಅಂದರು.

ನಲ್ಲಿಯಲ್ಲಿ ದಿನಾ ನೀರು ಬರುತ್ತಿರಲಿಲ್ಲ, ಅದು ಸುಳ್ಳಲ್ಲ. ಆದರೆ ನಾನು ಬಾಡಿಗೆಗೆ ಹಿಡಿದ ಮನೆಯ ಹಿತ್ತಲಲ್ಲಿ ಒಂದು ಹಳೇ ಬಾವಿ ಇತ್ತು. ಕೊಡ ಹಿಡಿದುಕೊಂಡು ನಲ್ಲಿ ಮುಂದೆ ನಿಂತಿದ್ದ ನನ್ನನ್ನು ನೋಡಿ ಮಾಲೀಕರ ಹೆಂಡತಿ, ‘ಬಾವ್ಯಾಗ ನೀರ ಅವ ತಂಗಿ, ನೀ ಯಾಕ ಚಿಂತಿ ಮಾಡ್ತಿ?’ ಅಂದರು. ಅವತ್ತಿನಿಂದ ಅವರು ನನಗೆ ಅಕ್ಕ ಆದರು. ಬಾವಿಯೊಳಗೆ ಬಗ್ಗಿ ನೋಡಿದೆ. ಕೆಂಪು ಕಲ್ಲು, ಒರಟು ಒರಟು, ಮೈತುಂಬ ತೂತು. ಅರೆ, ಇದು ನಮ್ಮೂರ ಮನೆ ಗೋಡೆಯ ಜಂಬಿಟ್ಟಿಗೆ ಕಲ್ಲೇ ಅಲ್ವಾ! ಅಷ್ಟು ದೂರ ಬಂದು ನಮ್ಮ ಕಲ್ಲನ್ನೇ ನೋಡಿದ್ದಕ್ಕೆ ಕಣ್ಣು ತುಂಬಿ ಬಂತು.

ಆ ಕಲ್ಲೇ ಬೀದರಿನ ನೀರಿನ ಗುಟ್ಟು. ಮಳೆ ನೀರು ಕೆಂಪು ಕಲ್ಲಿನೊಳಗೆ ಇಳಿಯುತ್ತದೆ. ಕೆಳಗಿನ ಗಟ್ಟಿ ಕರಿಕಲ್ಲಿಗೆ ಬಂದು ತಡೆದು, ಅದರ ಮೇಲೇ ಹರಿಯುತ್ತದೆ. ಬಹಮನಿ ಕಾಲದವರು ಇದನ್ನು ನೋಡಿಕೊಂಡೇ ನೌಬಾದ್‌ನಲ್ಲಿ ನೆಲದಡಿ ಸುರಂಗ ತೋಡಿ, ಮೇಲಿಂದ ಅಲ್ಲಲ್ಲಿ ಬಾವಿ ಇಳಿಸಿ, ನೀರು ತಾನಾಗಿ ಇಳಿದು ಬರುವ ಹಾಗೆ ಮಾಡಿದರು. ಪರ್ಷಿಯಾದಿಂದ ಬಂದ ಈ ವಿದ್ಯೆಗೆ ಕರೇಜ್ ಅಂತ ಹೆಸರು. ಅಲ್ಲಿನವರು ಸುರಂಗ ಬಾವಿ ಅನ್ನುತ್ತಾರೆ. ಗುರುದ್ವಾರದ ನಾನಕ್ ಝೀರಾದಲ್ಲಿ ಇವತ್ತಿಗೂ ಸಿಹಿನೀರಿನ ಬುಗ್ಗೆ ಹರಿಯುತ್ತಿದೆ. ನರಸಿಂಹ ಝರಣಿಯಲ್ಲಿ ಗುಹೆಯೊಳಗೆ ಎದೆಮಟ್ಟದ ನೀರಲ್ಲಿ ನಡೆದೇ ದೇವರನ್ನು ನೋಡಬೇಕು. ಇದು ನೀರಿಲ್ಲದ ಊರಾ?

ಬಿಸಿಲಿತ್ತು, ಕರೆಂಟು ಹೋಗುತ್ತಿತ್ತು. ಊರಿಗೆ ಬರಬೇಕೆಂದರೆ ಒಂದು ದಿನ ಪ್ರಯಾಣದಲ್ಲೇ ಕಳೆಯುತ್ತಿತ್ತು. ಅಪ್ಪನಿಗೆ ಹುಷಾರಿಲ್ಲದಾಗ ಬೇಗ ತಲುಪಲು ಆಗಲಿಲ್ಲ. ಆ ನೋವು ಈಗಲೂ ಇದೆ. ಆದರೆ ಅದು ದೂರದ ತಪ್ಪು, ಊರಿನದಲ್ಲ.

ನಮ್ಮ ಕೌಂಟರಿಗೆ ಬರುತ್ತಿದ್ದ ಬಿದ್ರಿ ಕೆಲಸದ ಚಾಚಾ ಒಬ್ಬರು ಒಂದು ಭಾನುವಾರ ಚೌಬಾರಾ ಹತ್ತಿರದ ಗಲ್ಲಿಗೆ ಕರೆದರು. ಸತು ಮತ್ತು ತಾಮ್ರ ಕಲಸಿ ಎರಕ ಹೊಯ್ದ ಹೂಜಿ. ಅದರ ಮೇಲೆ ಅಚ್ಚಿಲ್ಲ, ಅಳತೆ ಪಟ್ಟಿಯಿಲ್ಲ, ಬರಿಗೈಯಲ್ಲೇ ಬಳ್ಳಿ ಗೀಚಿದರು. ಚಿಕ್ಕ ಉಳಿಯಿಂದ ಕೊರೆದು, ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿದರು. ಇಷ್ಟಾದರೂ ಹೂಜಿ ಬರೀ ಬೂದು ಬಣ್ಣ, ಬೆಳ್ಳಿ ಸರಿಯಾಗಿ ಕಾಣುವುದೇ ಇಲ್ಲ. ಆಮೇಲೆ ಒಂದು ಡಬ್ಬಿ ತೆರೆದರು. ಒಳಗೆ ಕೋಟೆಯ ಮಣ್ಣು. ಎಷ್ಟೋ ಕಾಲದಿಂದ ಬಿಸಿಲು, ಮಳೆ ತಾಗದ ಜಾಗದ್ದೇ ಆಗಬೇಕಂತೆ. ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ತಲೆ ಆಡಿಸಿದರು. ಅದಕ್ಕೆ ನವಸಾಗರ, ನೀರು ಸೇರಿಸಿ ಕಾಯಿಸಿ ಉಜ್ಜಿದರೆ ಬೂದು ಲೋಹ ನನ್ನ ಕಣ್ಣ ಮುಂದೆಯೇ ಕಪ್ಪಾಯಿತು. ಬೆಳ್ಳಿ ಮಾತ್ರ ಬೆಳ್ಳಿಯಾಗೇ ಉಳಿಯಿತು. ‘ಈ ಮಣ್ಣಿಂದೇ ಎಲ್ಲಾ, ಮೇಡಂ’ ಅಂದರು. 2006ರಲ್ಲಿ ಬಿದ್ರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಆ ದಿನ ಟಿವಿ ಮುಂದೆ ಕೂತು, ನಮ್ಮ ಮನೆಯವರಿಗೇ ಬಂದ ಹಾಗೆ ಖುಷಿಪಟ್ಟೆ.

ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ನೋಡಲು ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. 1472ರ ಕಟ್ಟಡ. ಗೋಡೆಯಲ್ಲಿ ಅಲ್ಲಲ್ಲಿ ಉಳಿದ ನೀಲಿ ಹೆಂಚಿನ ಮೇಲೆ ಸಂಜೆ ಬಿಸಿಲು ಬೀಳುವಾಗ ನೋಡಬೇಕು. ಕಟ್ಟಿಸಿದವನೂ ಹೊರಗಿನಿಂದ ಬಂದವನೇ, ಪರ್ಷಿಯಾದ ಗೀಲಾನಿನವನು.

ಪತ್ರಿಕೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಶಿಕ್ಷೆಯ ವರ್ಗಾವಣೆ ಅನ್ನುವಾಗ ಬೀದರಿನ ಹೆಸರು ಎಳೆದು ತರಬೇಡಿ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಅದನ್ನು ಓದುತ್ತಾರೆ. ತಮ್ಮೂರು ಬೇರೆಯವರಿಗೆ ಶಿಕ್ಷೆ ಅಂತ ಓದಿದರೆ ಅವರಿಗೆ ಹೇಗಾಗಬೇಡ?

ಈ ವರ್ಷ ಅಲ್ಲಿಗೆ ಆರ್ಡರ್ ಬಂದವರಿಗೂ ಒಂದು ಮಾತು. ಈಗ ದಾರಿ ಮುಂಚಿನಷ್ಟು ಕಷ್ಟವಿಲ್ಲ, 2017ರಿಂದ ಕಲಬುರಗಿ–ಬೀದರ್ ರೈಲು ಮಾರ್ಗವೂ ಇದೆ. ಎಳ್ಳು ಅಮಾವಾಸ್ಯೆಗೆ ಮಾತ್ರ ರಜೆ ಹಾಕಿ ಊರಿಗೆ ಓಡಬೇಡಿ. ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಅಕ್ಕ ನನ್ನನ್ನು ಕರೆದ ಹಾಗೆ ನಿಮ್ಮನ್ನೂ ಯಾರಾದರೂ ಕರೆದೇ ಕರೆಯುತ್ತಾರೆ. ಸಜ್ಜೆ ರೊಟ್ಟಿ, ಅಂಬಲಿ, ಹಸಿ ಕಾಳು ಮತ್ತು ಸೊಪ್ಪು ಹಾಕಿ ಹುಣಸೆ ಹುಳಿಯಲ್ಲಿ ಕುದಿಸಿದ ಭಜ್ಜಿ. ಕಡಲೆ ಹೊಲದ ಬದುವಿನ ಮೇಲೆ ಕೂತು ಉಣ್ಣಿ. ಎರಡನೇ ಸಲ ಬಡಿಸಲು ಬಂದರೆ ಬೇಡ ಅನ್ನಬೇಡಿ.

– ನಿವೃತ್ತ ಬ್ಯಾಂಕ್ ಉದ್ಯೋಗಿ, ಸಾಗರ