ಚಿರಂಜೀವಿಗೆ, ಕೌಂಟ್ ಲಾಲಿಯ ವಿಚಾರವಾಗಿ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಮೊನ್ನೆ ತಲುಪಿತು. ತನಿಖೆಯ ವಿಷಯವೆಲ್ಲ ನಿನ್ನ ತಂದೆಯಿಂದ ಮೊದಲೇ ತಿಳಿದಿತ್ತು, ಆದ್ದರಿಂದ ಅದನ್ನು ಮತ್ತೆ ಎತ್ತುವುದಿಲ್ಲ. ಆದರೆ ಕೊನೆಯ ಪುಟದಲ್ಲಿ, "ಎಲ್ಲರೂ ಸೇರಿ ಮಾಡಿದ ನಷ್ಟವನ್ನು ಕೊನೆಗೆ ನನ್ನೊಬ್ಬನ ತಲೆಗೆ ಕಟ್ಟುತ್ತಾರೇನೋ" ಎಂದು ನೀನು ಬರೆದ ಸಾಲನ್ನು ಓದಿದಂದಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಹಾಗೇನೂ ಆಗದು, ಧೈರ್ಯವಾಗಿರು ಎಂದು ಬರೆದುಬಿಡಬಹುದಿತ್ತು. ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದ ನನಗೆ ಹಾಗೆ ಬರೆಯಲು ಕೈ ಬರಲಿಲ್ಲ, ಏಕೆಂದರೆ ನಿನ್ನ ಸಾಲನ್ನು ಓದುತ್ತಲೇ ಫ್ರೆಂಚ್ ದಂಡನಾಯಕ ಕೌಂಟ್ ಲಾಲಿ ಕಣ್ಣ ಮುಂದೆ ಬಂದು ನಿಂತ.

"ವಾಂಡಿವಾಷ್ ಕದನ, 1760, ಲಾಲಿಯ ಸೋಲು" ಎಂದು ಕಪ್ಪು ಹಲಗೆಯ ಮೇಲೆ ಬರೆದು ನಾನು ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದೆ. ಆ ಸೋಲಿನ ಆಚೆಗೆ ಅವನಿಗೇನಾಯಿತೆಂದು ಮಕ್ಕಳಿಗೆ ಒಂದು ವರ್ಷವೂ ಹೇಳಲಿಲ್ಲ. ಅವನು 1702ರಲ್ಲಿ ಫ್ರಾನ್ಸಿನ ರೋಮಾಂ ಎಂಬ ಊರಿನಲ್ಲಿ ಹುಟ್ಟಿದವನು. ಅವನ ತಂದೆ ಐರ್ಲೆಂಡಿನಿಂದ ಬಂದು ಫ್ರೆಂಚ್ ದೊರೆಯ ಸೇವೆಗೆ ಸೇರಿದ್ದ ಸೈನಿಕ. 1745ರಲ್ಲಿ ಫಾಂಟನಾಯ್ ಯುದ್ಧದಲ್ಲಿ ಐರಿಷ್ ಪಡೆಯೊಡನೆ ಹೋರಾಡಿ ಹದಿನೈದನೆಯ ಲೂಯಿಯ ಮೆಚ್ಚುಗೆ ಪಡೆದ ಇವನನ್ನೇ ಪಾಂಡಿಚೇರಿಗೆ ದಂಡನಾಯಕನನ್ನಾಗಿ ಕಳಿಸಿದರು. 1758ರ ಏಪ್ರಿಲ್ ಕೊನೆಯಲ್ಲಿ ಹಡಗಿನಿಂದಿಳಿದವನು ಜೂನ್ 2ರ ಹೊತ್ತಿಗೆ ಕಡಲೂರಿನ ಸೇಂಟ್ ಡೇವಿಡ್ ಕೋಟೆಯನ್ನು ಹಿಡಿದಿದ್ದ.

ಅಲ್ಲಿಂದಾಚೆಗೆ ಅವನಿಗೆ ಹಣ ಒದಗಲಿಲ್ಲ, ಹಡಗು ಒದಗಲಿಲ್ಲ. ಹಣಕ್ಕಾಗಿ ತಂಜಾವೂರಿನ ಮೇಲೆ ಹೋಗಿ ಬರಿಗೈಯಲ್ಲಿ ಮರಳಿದ. 1758ರ ಡಿಸೆಂಬರಿನಿಂದ ಮದರಾಸಿಗೆ ಹಾಕಿದ್ದ ಮುತ್ತಿಗೆಯನ್ನು, ಫೆಬ್ರವರಿಯಲ್ಲಿ ಇಂಗ್ಲಿಷರ ಹಡಗುಗಳು ಕಾಣಿಸಿಕೊಂಡಾಗ ಎತ್ತಬೇಕಾಯಿತು. ಸಂಬಳವಿಲ್ಲದ ಸಿಪಾಯಿಗಳು ದಂಗೆ ಎದ್ದರು, ಫ್ರೆಂಚ್ ನೌಕಾಪಡೆಯ ಮುಖ್ಯಸ್ಥ ದಾಶೆ ತನ್ನ ಹಡಗುಗಳೊಡನೆ ಕರಾವಳಿಯನ್ನೇ ಬಿಟ್ಟು ಹೊರಟುಹೋದ. 1760ರ ಜನವರಿ 22ರಂದು ವಂದವಾಸಿಯಲ್ಲಿ (ನಾನು ಹಲಗೆಯ ಮೇಲೆ ಬರೆಯುತ್ತಿದ್ದ ವಾಂಡಿವಾಷ್ ಅದೇ) ಇಂಗ್ಲಿಷ್ ಸೇನಾನಿ ಐರ್ ಕೂಟ್ ಅವನನ್ನು ಸೋಲಿಸಿದ. ನಮ್ಮ ಮೈಸೂರಿನ ಹೈದರ್ ಅಲಿಯೂ ಒಂದಷ್ಟು ಸೈನ್ಯವನ್ನು ಕಳಿಸಿದ್ದ; ಆದರೆ ಶ್ರೀರಂಗಪಟ್ಟಣದಲ್ಲಿ ಹೈದರನ ಜೊತೆಗಾರನಾಗಿದ್ದ ಖಂಡೇರಾಯ ಅವನ ಮೇಲೆ ತಿರುಗಿಬಿದ್ದದ್ದರಿಂದ ಆ ನೆರವೂ ಉಳಿಯಲಿಲ್ಲ. 1761ರ ಜನವರಿಯಲ್ಲಿ, ತಿನ್ನಲು ಏನೂ ಉಳಿಯದೆ, ಪಾಂಡಿಚೇರಿ ಶರಣಾಯಿತು. ಇಷ್ಟೆಲ್ಲ ಜನ ಇಷ್ಟೆಲ್ಲ ರೀತಿಯಲ್ಲಿ ಕೂಡಿ ಮಾಡಿದ ಸೋಲದು. ಅದನ್ನು ಒಂದೇ ತಲೆಗೆ ಕಟ್ಟಿದರು. ನಿನ್ನ ಸಾಲಿನಲ್ಲಿ ನೀನು ಹೇಳಿದ್ದೂ ಇದನ್ನೇ ಅಲ್ಲವೇ?

ಅವನನ್ನು ಸಾಧುವೆಂದು ನಾನು ಹೇಳಲಾರೆ. ಜಾತಿ ಆಚಾರಗಳನ್ನು ಲೆಕ್ಕಿಸದೆ ಊರಿನವರನ್ನು ಗಾಡಿ ಎಳೆಯಲು ಹಚ್ಚಿದ. ತಂಜಾವೂರಿನ ದಾರಿಯಲ್ಲಿ, ಕೀವಳೂರಿನಲ್ಲಿ, ಗೂಢಚಾರರೆಂದು ಬಗೆದು ಬ್ರಾಹ್ಮಣರನ್ನು ಫಿರಂಗಿ ಬಾಯಿಗೆ ಕಟ್ಟಿಸಿ ಕೊಲ್ಲಿಸಿದ. ಅದಕ್ಕೆ ಕ್ಷಮೆಯಿಲ್ಲ. ಆದರೆ ಪ್ಯಾರಿಸಿನಲ್ಲಿ ಅವನನ್ನು ಮುಖ್ಯವಾಗಿ ಶಿಕ್ಷಿಸಿದ್ದು ಈ ಪಾಪಗಳಿಗಲ್ಲ, ರಾಜನಿಗೂ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಗೂ ದ್ರೋಹ ಬಗೆದನೆಂಬ ಆರೋಪಕ್ಕೆ. ಮಾಡದೆ ಇದ್ದದ್ದು ಅದೊಂದನ್ನೇ. ಪಾಂಡಿಚೇರಿಯ ಅಧಿಕಾರಿಗಳನ್ನೆಲ್ಲ ಅವನು ಎದುರಿಗೇ ಕಳ್ಳರೆಂದು ಬೈದಿದ್ದ. ಅವರಲ್ಲಿ ಕಳ್ಳರಿದ್ದದ್ದೂ ನಿಜ. ಸಾಕ್ಷಿ ಹೇಳುವ ಕಾಲ ಬಂದಾಗ ಅವರಲ್ಲಿ ಯಾರೂ ಹಿಂದೆ ಉಳಿಯಲಿಲ್ಲ.

ಇಲ್ಲಿ ನನ್ನದೊಂದು ವಿಷಯ ಹೇಳಬೇಕು; ನಿನ್ನ ದೊಡ್ಡಮ್ಮನಿಗೂ ಇದನ್ನು ನಾನು ಪೂರ್ತಿಯಾಗಿ ಹೇಳಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಶಾಲೆಯೊಂದರಲ್ಲಿ ಕಟ್ಟಡದ ಹಣ ಕಡಿಮೆ ಬಂದು ವಿಚಾರಣೆ ನಡೆಯಿತು. ಲೆಕ್ಕ ನೋಡಿಕೊಳ್ಳುತ್ತಿದ್ದ ಮೇಷ್ಟರ ನಾಲಿಗೆ ಒರಟು, ಕೈ ಮಾತ್ರ ಶುದ್ಧ. ಅವರು ಒಮ್ಮೆ ಎಲ್ಲರೆದುರು ನನ್ನನ್ನು ಗದರಿಸಿದ್ದರು. ಅವರ ವಿರುದ್ಧದ ಹೇಳಿಕೆಗೆ ಎಲ್ಲರೂ ಸಹಿ ಹಾಕಿದಾಗ, ಅದು ಸುಳ್ಳೆಂದು ತಿಳಿದೂ ನಾನು ಸಹಿ ಹಾಕಿದೆ. ಅವರಿಗೆ ದೂರದೂರಿಗೆ ವರ್ಗವಾಯಿತು, ಬಡ್ತಿ ನಿಂತುಹೋಯಿತು. ನಿನ್ನ ಅಕ್ಕನ ಮದುವೆಗೆ ಕರೆಯೋಲೆ ಕಳಿಸಿದ್ದೆ, ಅವರು ಬರಲಿಲ್ಲ. ನಿನ್ನ ಭಯ ಸುಳ್ಳು ಭಯವೆಂದು ಹೇಳುವ ಬಾಯಿ ನನಗೆ ಇಲ್ಲದಿರುವುದು ಇದರಿಂದ. ತಲೆಗೆ ಕಟ್ಟುವವರ ಸಾಲಿನಲ್ಲಿ ನಾನೂ ನಿಂತವನು.

ಲಾಲಿಯ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು, ಅವನು ತಾನಾಗಿಯೇ ಹಿಂದಿರುಗಿದ್ದು. ಪಾಂಡಿಚೇರಿ ಬಿದ್ದ ಮೇಲೆ ಇಂಗ್ಲೆಂಡಿನಲ್ಲಿ ಸೆರೆಯಾಳಾಗಿ ಅವನು ಕ್ಷೇಮವಾಗಿದ್ದ. ಪ್ಯಾರಿಸಿನಲ್ಲಿ ತನ್ನ ಮೇಲೆ ದೂರುಗಳೆದ್ದಿವೆ ಎಂದು ಕೇಳಿ, ಅನುಮತಿ ಬೇಡಿ ಫ್ರಾನ್ಸಿಗೆ ಬಂದ. ತನ್ನ ತಲೆಯನ್ನೂ ತನ್ನ ನಿರಪರಾಧವನ್ನೂ ತಂದಿರುವೆನೆಂದು ಮಂತ್ರಿಗೆ ಬರೆದ. 1762ರಲ್ಲಿ ಅವನನ್ನು ಬಾಸ್ಟಿಲ್ ಸೆರೆಮನೆಗೆ ಹಾಕಿದರು. ವಿಚಾರಣೆಯಲ್ಲಿ ವಕೀಲನನ್ನೂ ಕೊಡಲಿಲ್ಲ. 1766ರ ಮೇ 9ರಂದು, ಅರವತ್ತನಾಲ್ಕರ ಮುದುಕನ ಬಾಯಿ ಕಟ್ಟಿ, ಕಸದ ಗಾಡಿಯಲ್ಲಿ ಗ್ರೇವ್ ಚೌಕಕ್ಕೆ ಒಯ್ದು ತಲೆ ಕಡಿದರು. ತಾನು ಯಾರ ಮಗನೆಂಬುದು ಅವನ ಹದಿನೈದು ವರ್ಷದ ಮಗನಿಗೆ ತಿಳಿದದ್ದೇ ಆ ದಿನಗಳಲ್ಲಿ. ಆ ಹುಡುಗ ವರ್ಷಗಟ್ಟಲೆ ನ್ಯಾಯಾಲಯಗಳನ್ನು ಸುತ್ತಿದ, ಹೆಸರಾಂತ ಫ್ರೆಂಚ್ ಬರಹಗಾರ ವೋಲ್ಟೇರ್ ಅವನ ಪರವಾಗಿ ಬರೆದ, 1778ರಲ್ಲಿ ರಾಜನ ಮಂಡಲಿ ಆ ತೀರ್ಪನ್ನು ರದ್ದುಮಾಡಿತು. ಸುದ್ದಿ ಕೇಳಿ ಕೆಲವೇ ದಿನಗಳಲ್ಲಿ ವೋಲ್ಟೇರ್ ತೀರಿಕೊಂಡ. ಆಮೇಲೂ ಮೊಕದ್ದಮೆ ಬೇರೆ ನ್ಯಾಯಾಲಯಗಳಲ್ಲಿ ಎಳೆಯುತ್ತಲೇ ಹೋಯಿತು. ಮಗ ಬಯಸಿದ ನಿಚ್ಚಳವಾದ ಮಾತು ಯಾವ ಪೀಠದಿಂದಲೂ ಬರಲಿಲ್ಲ.

ನಿನ್ನ ಕಾಲ ಬೇರೆ, ನಿನ್ನ ಮುಂದಿರುವವರು ಬಾಸ್ಟಿಲಿನವರಲ್ಲ ಎಂಬುದು ನನಗೆ ಗೊತ್ತು. ಆದರೂ, ಹೇಳಬಾರದಿತ್ತೋ ಏನೋ, ನೀನು ಬರೆದ ಪತ್ರಗಳ, ನಿನಗೆ ಬಂದ ಆದೇಶಗಳ ಪ್ರತಿಗಳನ್ನು ಕಛೇರಿಯಲ್ಲಷ್ಟೇ ಅಲ್ಲದೆ ಮನೆಯಲ್ಲೂ ಇಡು. ಜೊತೆಯವರಲ್ಲಿ ತಪ್ಪಿತಸ್ಥರಿದ್ದರೂ ಈಗ ಅವರನ್ನು ಹೆಸರಿಟ್ಟು ಬೈಯಬೇಡ, ಕಾಗದವೇ ಹೇಳಲಿ. ನಿನ್ನ ಸ್ವಭಾವ ನನಗೆ ಗೊತ್ತು, ಅದು ನಮ್ಮ ಮನೆತನದ್ದೇ. ವಕೀಲರ ಖರ್ಚಿನ ಬಗ್ಗೆ ಯೋಚಿಸಬೇಡ. ಪಿಂಚಣಿಯಲ್ಲಿ ಉಳಿಸಿದ್ದು ಸ್ವಲ್ಪ ಇದೆ. ತಪ್ಪಿಲ್ಲದವನಿಗೆ ಭಯವೇಕೆ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ನಂಬಿ ಒಬ್ಬನೇ ಒಳಗೆ ಹೋಗಬೇಡ. ಇದಕ್ಕಿಂತ ಹೆಚ್ಚಿನದು ನನಗೆ ತೋಚುತ್ತಿಲ್ಲ.

ವಿಚಾರಣೆಯ ದಿನ ಗೊತ್ತಾದ ಕೂಡಲೇ ಒಂದು ಸಾಲು ಬರೆ, ಇಲ್ಲವೇ ಫೋನ್ ಮಾಡು. ಹಿಂದಿನ ರಾತ್ರಿಯ ಬಸ್ಸಿಗೆ ಹೊರಟು ಬರುತ್ತೇನೆ. ನನ್ನನ್ನು ಒಳಗೆ ಬಿಡದಿದ್ದರೆ ನೀನು ಹೊರಗೆ ಬರುವವರೆಗೆ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿರುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ